ಎಂಟು ದಶಮಾಂಶಗಳ ಬಸವನಹುಳು

ಕಾಡಿನಲ್ಲಿ ಸಿಕ್ಕ ಚಿಕ್ಕ ಬಸವನಹುಳು ಯಾವ ಪ್ರಭೇದಕ್ಕೆ ಸೇರಿದ್ದು? ಚಿಪ್ಪನ್ನು ಸರಿಯಾಗಿ ಅಳೆದರೆ ಉತ್ತರ ಸಿಗುತ್ತದೆ ಎಂದು ನೀವು ಭಾವಿಸಬಹುದು. ಈ ನಂಬಿಕೆಯ ಬಲವನ್ನೂ ಮಿತಿಯನ್ನೂ ತೋರಿಸುವ ಗ್ರಂಥವೊಂದಿದೆ: ಅಮೆರಿಕದ ಪ್ರಾಣಿವಿಜ್ಞಾನಿ ಹೆನ್ರಿ ಕ್ರಾಂಪ್ಟನ್ 1932ರಲ್ಲಿ ಪ್ರಕಟಿಸಿದ, ಮೂರೆಯಾ ದ್ವೀಪದ ಪಾರ್ಟುಲಾ ಬಸವನಹುಳುಗಳ ಅಧ್ಯಯನ.

ಮೂರೆಯಾ ಶಾಂತಸಾಗರದಲ್ಲಿ ತಾಹಿತಿಯ ಪಕ್ಕದಲ್ಲಿರುವ, ಕಾಡು ತುಂಬಿದ ಜ್ವಾಲಾಮುಖಿ ದ್ವೀಪ. ಪಾರ್ಟುಲಾದ ಚಿಪ್ಪಿನ ಉದ್ದ ಸುಮಾರು 2 ಸೆಂ.ಮೀ. ಕ್ರಾಂಪ್ಟನ್ ಕಣಿವೆ ಕಣಿವೆಗಳನ್ನು ಸುತ್ತಿ ಸಾವಿರಾರು ಚಿಪ್ಪುಗಳನ್ನು ಸಂಗ್ರಹಿಸಿದರು. ಅವುಗಳನ್ನು ಅಳೆದು, ಸರಾಸರಿ ಮುಂತಾದವನ್ನು ಕೈಲೆಕ್ಕದಿಂದಲೇ ಎಂಟು ದಶಮಾಂಶ ಸ್ಥಾನಗಳವರೆಗೆ ಕಂಡುಹಿಡಿದರು.

ಭೌತವಿಜ್ಞಾನ ಕಲಿಸುವವರು ಇದನ್ನು ಒಪ್ಪಲಾರರು. ಮಿಲಿಮೀಟರಿನ ಎಂಟನೆಯ ದಶಮಾಂಶ ಸ್ಥಾನವೆಂದರೆ ಪರಮಾಣುವಿನ ವ್ಯಾಸದ ಸುಮಾರು ಹತ್ತನೆಯ ಒಂದು ಭಾಗ! ಒಂದು ಅಳತೆಯಲ್ಲಿ 0.1 ಮಿ.ಮೀ. ಯಾದೃಚ್ಛಿಕ ದೋಷವಿದೆ ಎಂದುಕೊಳ್ಳಿ. ಅಂಥ 10,000 ಅಳತೆಗಳ ಸರಾಸರಿ ತೆಗೆದರೂ ದೋಷ 100 ಪಟ್ಟು ಮಾತ್ರ ಇಳಿದು 0.001 ಮಿ.ಮೀ. ಆಗುತ್ತದೆ. ಅದರಾಚೆಯ ಐದು ಅಂಕಿಗಳಲ್ಲಿ ಶ್ರಮವಿದೆ, ಮಾಹಿತಿಯಿಲ್ಲ.

ಇನ್ನೊಂದು ತೊಡಕು ಜೀವಿಯಲ್ಲೇ ಇದೆ. ಪಾರ್ಟುಲಾ ಸುಟುರಾಲಿಸ್ ಎಂಬ ಪ್ರಭೇದದ ಚಿಪ್ಪು ಕೆಲವು ಕಣಿವೆಗಳಲ್ಲಿ ಬಲಸುರುಳಿ, ಕೆಲವೆಡೆ ಎಡಸುರುಳಿ. ನೋಡಿದವರು ಇವು ಎರಡು ಪ್ರಭೇದಗಳೆಂದೇ ತಿಳಿದಾರು. ಸುರುಳಿಯ ದಿಕ್ಕನ್ನು ನಿರ್ಧರಿಸುವುದು ತಾಯಿಯ ಜೀನ್‌ಗಳು. ಇದು ತಿಳಿದದ್ದು ಚಿಪ್ಪನ್ನು ಅಳೆದಲ್ಲ. 1960ರ ದಶಕದಲ್ಲಿ ಜೇಮ್ಸ್ ಮರ್ರೆ ಮತ್ತು ಬ್ರಯನ್ ಕ್ಲಾರ್ಕ್ ಹುಳುಗಳನ್ನು ಸಾಕಿ, ತಳಿ ಬೆಳೆಸಿ ನೋಡಿದ್ದರಿಂದ. ಮುಂದೆ ನಡೆದ ಡಿಎನ್‌ಎ ಅಧ್ಯಯನಗಳಲ್ಲೂ ಚಿಪ್ಪಿನ ಹೋಲಿಕೆ ಮತ್ತು ರಕ್ತಸಂಬಂಧ ಎಲ್ಲೆಡೆ ತಾಳೆಯಾಗಲಿಲ್ಲ.

ಹಾಗಾದರೆ ಕ್ರಾಂಪ್ಟನ್ನರ ದುಡಿಮೆ ವ್ಯರ್ಥವೇ? ಖಂಡಿತ ಅಲ್ಲ. ಯಾವ ಚಿಪ್ಪು ಯಾವ ಕಣಿವೆಯದು ಎಂಬುದನ್ನು ಅವರು ತಪ್ಪದೆ ದಾಖಲಿಸಿದ್ದರು. 1977ರಲ್ಲಿ, ಬೆಳೆ ತಿನ್ನುವ ಆಫ್ರಿಕಾದ ದೈತ್ಯ ಬಸವನಹುಳುವನ್ನು ಹತೋಟಿಗೆ ತರಲೆಂದು ಯೂಗ್ಲಾಂಡಿನಾ ಎಂಬ ಬೇಟೆಗಾರ ಬಸವನಹುಳುವನ್ನು ಮೂರೆಯಾಕ್ಕೆ ತಂದುಬಿಟ್ಟರು. ಅದು ಪಾರ್ಟುಲಾಗಳನ್ನೇ ತಿಂದಿತು. 1987ರ ಹೊತ್ತಿಗೆ ಆ ಕಾಡುಗಳಲ್ಲಿ ಅವು ಬಹುತೇಕ ಇಲ್ಲವಾದವು. ಮೃಗಾಲಯಗಳಲ್ಲಿ ಉಳಿಸಿಕೊಂಡ ಪಾರ್ಟುಲಾಗಳ ಸಂತತಿಯನ್ನು 2015ರಿಂದ ಫ್ರೆಂಚ್ ಪಾಲಿನೇಷ್ಯಾದ ಕಾಡುಗಳಿಗೆ ಮರಳಿ ಬಿಡಲಾಗುತ್ತಿದೆ. ಎಲ್ಲಿ ಯಾವುದಿತ್ತು ಎಂದು ಹೇಳಲು ಇಂದು ಇಂಥ ಹಳೆಯ ದಾಖಲೆಗಳೇ ಆಧಾರ.

ನಿಮ್ಮ ವಿದ್ಯಾರ್ಥಿಗಳು ಚಿಪ್ಪೊಂದನ್ನು ತಂದರೆ, ಅಳೆಯುವ ಮೊದಲು ಅದು ಸಿಕ್ಕ ಸ್ಥಳ ಮತ್ತು ದಿನಾಂಕವನ್ನು ಬರೆಸಿ. ಅಳತೆಗೆ ಒಂದು ದಶಮಾಂಶ ಸಾಕು. ಚಿಪ್ಪು ಕೈಯಲ್ಲಿರುವಷ್ಟು ಕಾಲ ಅದನ್ನು ಮತ್ತೆ ಅಳೆಯಬಹುದು. ಬರೆದಿಡದ ಸ್ಥಳ ಮಾತ್ರ ಮರಳಿ ಸಿಗದು.