ಗುರುವನ ಕಥೆ ಎಲ್ಲಿ?

ಮತಾಂತರ ಅಂದಕೂಡಲೇ ನಮ್ಮ ಬಾಯಿಗೆ ಬರೋ ಪದ 'ಆಮಿಷ'. ಅದು ಗದ್ದೆ ಇದ್ದವರ ಮಾತು ಅಂತ ನನಗೆ ತೋರಿಸಿಕೊಟ್ಟಿದ್ದು ಕಾರಂತರು 1933ರಲ್ಲಿ ತಂದ 'ಚೋಮನ ದುಡಿ'. ಚೋಮ ಕೇಳಿದ್ದು ಉಳೋಕೆ ಒಂದು ತುಂಡು ಭೂಮಿ. ಧಣಿ ಕೊಡಲಿಲ್ಲ, ಪಾದ್ರಿಗಳ ಹತ್ತಿರ ಸಿಗಬಹುದಿತ್ತು. ಆದರೂ ಪಂಜುರ್ಲಿಯನ್ನು ಬಿಡಲಾರದೆ ಮುದುಕ ದಾರಿಯಿಂದಲೇ ವಾಪಸ್ ಬರ್ತಾನೆ. ಇಲ್ಲಿ ಕಾರಂತರು ಯಾರ ವಕಾಲತ್ತನ್ನೂ ವಹಿಸೋದಿಲ್ಲ.

ನನ್ನ ತಕರಾರು ಮಗ ಗುರುವನದು. ಕ್ರೈಸ್ತ ಹುಡುಗಿಯ ಜೊತೆ ಅವನು ಆಚೆ ಹೋದಮೇಲೆ ಕಾದಂಬರಿ ಚೋಮನ ಗುಡಿಸಲಲ್ಲೇ ಉಳಿಯುತ್ತೆ. ಆಚೆ ಏನಿತ್ತು? ಶಾಲೆ ಇತ್ತು. ಜಾತಿ ಬಿಟ್ಟು ಕಸುಬು ಕಳಕೊಂಡವರಿಗೆ ಕೆಲಸ ಬೇಕು ಅಂತ ಬಾಸೆಲ್ ಮಿಶನ್ 1865ರಲ್ಲೇ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಹಾಕಿತ್ತು. ಅಲ್ಲಿ ಗುರುವನ ಪಕ್ಕ ಊಟಕ್ಕೆ ಯಾರು ಕೂತರು? ಅವನ ಮಕ್ಕಳು ಏನು ಓದಿದರು? ಚೋಮನ ಸೋಲು ನಮಗೆ ಬಾಯಿಪಾಠ. ಗುರುವನ ಬದುಕನ್ನು ಇನ್ನೂ ಯಾರಾದರೂ ಬರೀಬೇಕು.