ಪ್ರಧಾನಿಯನ್ನು ಆರಿಸಿದ್ದು ಯಾರು?

ಹ್ಯೂಸ್ಟನ್‌ನ ಕ್ಲಿಯರ್ ಲೇಕ್‌ನಲ್ಲಿ, ಜಾನ್ಸನ್ ಬಾಹ್ಯಾಕಾಶ ಕೇಂದ್ರದ ಆಸುಪಾಸಿನಲ್ಲಿ ಬೆಳೆದ ಕನ್ನಡದ ಮಕ್ಕಳಿಗೆ ಮತಪತ್ರದಲ್ಲೇ ಅಧ್ಯಕ್ಷರ ಹೆಸರು ಕಾಣಿಸುತ್ತದೆ, ಗವರ್ನರ್ ಹೆಸರೂ ಕಾಣಿಸುತ್ತದೆ. ಟೆಕ್ಸಸ್‌ನ 40 ಎಲೆಕ್ಟರುಗಳ ಲೆಕ್ಕಾಚಾರ ಆಮೇಲಿನದು. ಈ ಮಕ್ಕಳಿಗೆ 1996ರ ಕಥೆ ಹೇಳಿದರೆ ತಬ್ಬಿಬ್ಬಾಗುತ್ತಾರೆ: ಭಾರತದ ಪ್ರಧಾನಿಯಾದ ಏಕೈಕ ಕನ್ನಡಿಗ ಆ ಸಲ ಲೋಕಸಭೆಗೆ ನಿಂತೇ ಇರಲಿಲ್ಲ.

ಆ ಚುನಾವಣೆಯಲ್ಲಿ ಬಿಜೆಪಿಗೆ 161, ಕಾಂಗ್ರೆಸ್ಸಿಗೆ 140, ಜನತಾದಳಕ್ಕೆ 46 ಸ್ಥಾನ. ರಾಷ್ಟ್ರಪತಿ ಶಂಕರ ದಯಾಳ್ ಶರ್ಮಾ ಅತಿದೊಡ್ಡ ಪಕ್ಷದ ನಾಯಕ ವಾಜಪೇಯಿ ಅವರನ್ನು ಕರೆದರು. ಬಹುಮತ ಕೂಡಿಬರದೆ ಅವರು ಮೇ 28ರಂದು ರಾಜೀನಾಮೆ ಕೊಟ್ಟರು. ಜನತಾದಳವೂ ಸೇರಿದ್ದ ಸಂಯುಕ್ತ ರಂಗದವರು ಅಷ್ಟರಲ್ಲಾಗಲೇ ನಾಯಕನನ್ನು ಹುಡುಕಿಟ್ಟುಕೊಂಡಿದ್ದರು. ವಿ.ಪಿ. ಸಿಂಗ್ ಒಲ್ಲೆ ಎಂದರು. ಜ್ಯೋತಿ ಬಸು ಅವರಿಗೆ ಅವರದೇ ಪಕ್ಷದ ಕೇಂದ್ರ ಸಮಿತಿ ಅಡ್ಡಬಂತು. ಉಳಿದವರು, ಕರ್ನಾಟಕದ 28ರಲ್ಲಿ 16 ಸ್ಥಾನ ಗೆದ್ದುಕೊಟ್ಟಿದ್ದ ಮುಖ್ಯಮಂತ್ರಿ ಎಚ್.ಡಿ. ದೇವೇಗೌಡರು. ಜೂನ್ 1ರಂದು ಪ್ರಮಾಣವಚನ, ಸೆಪ್ಟೆಂಬರಿನಲ್ಲಿ ರಾಜ್ಯಸಭೆ.

ಇದರಲ್ಲಿ ಕಾನೂನಿನ ಲೋಪವೇನಿಲ್ಲ. ಪ್ರಧಾನಿಯನ್ನು ರಾಷ್ಟ್ರಪತಿ ನೇಮಿಸುತ್ತಾರೆ, ಸದಸ್ಯನಲ್ಲದ ಸಚಿವ ಆರು ತಿಂಗಳೊಳಗೆ ಸಂಸತ್ತು ಸೇರಬೇಕು, ಮಂತ್ರಿಮಂಡಲ ಲೋಕಸಭೆಗೆ ಹೊಣೆ ಎಂದಷ್ಟೇ ಸಂವಿಧಾನದ 75ನೇ ವಿಧಿ ಹೇಳುತ್ತದೆ. ಆಯ್ಕೆಯೂ ಕೆಟ್ಟದಾಗಿರಲಿಲ್ಲ: ಬಾಂಗ್ಲಾದೇಶದ ಜೊತೆ 30 ವರ್ಷಗಳ ಗಂಗಾಜಲ ಒಪ್ಪಂದಕ್ಕೆ ಸಹಿ ಬಿದ್ದದ್ದು ಇವರ ಕಾಲದಲ್ಲೇ. ಕೊರತೆಯಿರುವುದು ವಿಧಾನದಲ್ಲಿ. ಹೆಸರು ಮುಚ್ಚಿದ ಬಾಗಿಲ ಹಿಂದೆ ತೀರ್ಮಾನವಾಯಿತು. ಸದನಕ್ಕೆ ಉಳಿದದ್ದು ಹೂಂ ಅಥವಾ ಊಹೂಂ ಅನ್ನುವುದು ಮಾತ್ರ.

ಇಳಿಸಿದ ಬಗೆ ಇನ್ನೂ ವಿಚಿತ್ರ. ಕಾಂಗ್ರೆಸ್ ಅಧ್ಯಕ್ಷ ಸೀತಾರಾಮ್ ಕೇಸರಿ 1997ರ ಮಾರ್ಚ್ 30ರಂದು ತಮ್ಮ ಪಕ್ಷದ ಬೆಂಬಲ ಹಿಂತೆಗೆದರು. ಏಪ್ರಿಲ್ 11ರಂದು ಗೌಡರು ವಿಶ್ವಾಸಮತದಲ್ಲಿ ಸೋತರು. 21ಕ್ಕೆ ಐ.ಕೆ. ಗುಜ್ರಾಲ್ ಪ್ರಮಾಣ ಸ್ವೀಕರಿಸಿದರು. ಅದೇ ಸದನ, ಅದೇ ರಂಗ, ಹೊರಗಿನಿಂದ ಅದೇ ಕಾಂಗ್ರೆಸ್ ಬೆಂಬಲ. ಬದಲಾದದ್ದು ಕುರ್ಚಿಯಲ್ಲಿ ಕೂತವರು ಮಾತ್ರ!

ಅಮೆರಿಕದ ಕೆಳಮನೆ ತನ್ನ ಸ್ಪೀಕರನ್ನು ಆರಿಸುವುದನ್ನು ಹ್ಯೂಸ್ಟನ್ನಿನವರು ಟಿವಿಯಲ್ಲಿ ಕಂಡಿದ್ದಾರೆ. ಗುಮಾಸ್ತ ಒಬ್ಬೊಬ್ಬರನ್ನೇ ಕರೆಯುತ್ತಾನೆ, ಸದಸ್ಯ ತನ್ನ ಆಯ್ಕೆಯ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳುತ್ತಾನೆ. 2023ರಲ್ಲಿ ಕೆವಿನ್ ಮೆಕಾರ್ಥಿ ಗೆಲ್ಲಲು 15 ಸುತ್ತು ಬೇಕಾದವು. ನೋಡಲು ಮುಜುಗರವೇ, ಆದರೆ ಯಾರು ಯಾರ ಕಡೆ ಎಂಬುದು ದಾಖಲೆಗೆ ಸೇರಿತು. ಅದೇ ವರ್ಷ ಅಕ್ಟೋಬರಿನಲ್ಲಿ, ಬದಲಿ ಯಾರೆಂದು ಗೊತ್ತಿಲ್ಲದೆಯೇ ಅವರನ್ನು ಕೆಳಗಿಳಿಸಿದ ಸದನ ಮೂರು ವಾರ ಸ್ಪೀಕರಿಲ್ಲದೆ ಒದ್ದಾಡಿತು. ಜರ್ಮನಿಯಲ್ಲಿ ಈ ಪಾಡಿಲ್ಲ: ಚಾನ್ಸಲರನ್ನು ಸದನವೇ ಚುನಾಯಿಸುತ್ತದೆ, ಇಳಿಸಬೇಕಾದರೆ ಬದಲಿ ಹೆಸರಿಗೆ ಬಹುಮತ ತೋರಿಸಬೇಕು. 1982ರಲ್ಲಿ ಶ್ಮಿಟ್ ಜಾಗಕ್ಕೆ ಕೋಲ್ ಬಂದದ್ದು ಹಾಗೆ.

ಬಹುಮತದ ಪರೀಕ್ಷೆ ರಾಜಭವನದಲ್ಲಲ್ಲ, ಸದನದಲ್ಲೇ ನಡೆಯಬೇಕೆಂದು 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕನ್ನಡಿಗ ಎಸ್.ಆರ್. ಬೊಮ್ಮಾಯಿ ಅವರ ಮೊಕದ್ದಮೆಯಲ್ಲಿ. ಆಯ್ಕೆಯೂ ಅಲ್ಲೇ ಆಗಲಿ ಎಂದದ್ದು ಇನ್ನೊಬ್ಬ ಕನ್ನಡಿಗ, ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅವರ ಅಧ್ಯಕ್ಷತೆಯ ಸಂವಿಧಾನ ಪರಾಮರ್ಶೆ ಆಯೋಗ: ಯಾರಿಗೂ ಬಹುಮತ ಬಾರದಿದ್ದಾಗ ಲೋಕಸಭೆಯೇ ಮತ ಹಾಕಿ ನಾಯಕನನ್ನು ಆರಿಸಲಿ, ಅವಿಶ್ವಾಸ ತರುವವರು ಪರ್ಯಾಯ ಹೆಸರನ್ನೂ ಕೊಡಲಿ. ವರದಿ ಸಲ್ಲಿಕೆಯಾದದ್ದು 2002ರಲ್ಲಿ. ಶಿಫಾರಸು ಇನ್ನೂ ಕಾಗದದಲ್ಲೇ ಇದೆ.