ನಡಾವಳಿ ಪುಸ್ತಕದಿಂದ ವಿಧಾನಸಭೆಗೆ

ಕಾರವಾರ ವಿಧಾನಸಭಾ ಕ್ಷೇತ್ರದ 2023ರ ಚುನಾವಣೆ ಹೆಚ್ಚಿನವರ ನೆನಪಿನಲ್ಲಿ ಉಳಿದಿರುವುದು 2,138 ಎಂಬ ಅಂಕಿಯಾಗಿ. ಕಾಂಗ್ರೆಸ್ಸಿನ ಸತೀಶ ಸೈಲ್ ಅವರು ಬಿಜೆಪಿಯ ರೂಪಾಲಿ ನಾಯ್ಕ ಅವರನ್ನು ಅಷ್ಟೇ ಮತಗಳಿಂದ ಸೋಲಿಸಿದರು. ಕಾರವಾರ ನಗರದ ಎರಡು ಮೂರು ವಾರ್ಡುಗಳು ಮನಸ್ಸು ಬದಲಿಸಿದ್ದರೆ ಫಲಿತಾಂಶವೇ ತಿರುಗುತ್ತಿತ್ತು. ಆದರೆ ಅದೇ ಚುನಾವಣೆಯಲ್ಲಿ ಅಷ್ಟಾಗಿ ಚರ್ಚೆಗೆ ಬಾರದ ಇನ್ನೊಂದು ಉಮೇದುವಾರಿಕೆಯೂ ಇತ್ತು. ಜಿಲ್ಲಾ ಪಂಚಾಯಿತಿ ಸದಸ್ಯೆಯಾಗಿದ್ದ ಚೈತ್ರಾ ಕೊಠಾರಕರ ಜೆಡಿಎಸ್‌ನಿಂದ ಕಣಕ್ಕಿಳಿದಿದ್ದರು. ಸ್ಪರ್ಧೆ ಮೊದಲಿಬ್ಬರ ನಡುವೆಯೇ ಮುಗಿದುಹೋಯಿತು. 2018ರಲ್ಲಿ ಅದೇ ಪಕ್ಷದ ಆನಂದ ಅಸ್ನೋಟಿಕರ್ 46 ಸಾವಿರಕ್ಕೂ ಹೆಚ್ಚು ಮತ ಪಡೆದು ಎರಡನೆಯ ಸ್ಥಾನದಲ್ಲಿದ್ದರು. ಐದೇ ವರ್ಷಗಳಲ್ಲಿ ಆ ಮತಗಳು ಚದುರಿಹೋದವು.

ಇದನ್ನು ಒಬ್ಬ ಅಭ್ಯರ್ಥಿಯ ಸೋಲೆಂದು ಓದಿ ಮುಂದೆ ಹೋಗುವುದು ಸುಲಭ. ನಾನಿದನ್ನು ಒಂದು ಪದ್ಧತಿಯ ಪರೀಕ್ಷೆಯೆಂದು ಓದುತ್ತೇನೆ. ಪಂಚಾಯಿತಿಯಲ್ಲೋ ನಗರಸಭೆಯಲ್ಲೋ ಕೆಲಸ ಮಾಡಿದವರು ಶಾಸಕ ಸ್ಥಾನಕ್ಕೆ ನಿಂತಾಗ ಆ ಕೆಲಸಕ್ಕೆ ನಮ್ಮಲ್ಲಿ ಏನು ಬೆಲೆಯಿದೆ? ಕಾರವಾರ, ಅಂಕೋಲಾ ತಾಲೂಕುಗಳನ್ನೊಳಗೊಂಡ ಈ ಕ್ಷೇತ್ರದ ಅನುಭವ ನೋಡಿದರೆ ಬಹಳ ಕಡಿಮೆ ಎಂದೇ ಹೇಳಬೇಕು. ಬೆಲೆ ಹೀಗೆ ಕುಸಿದದ್ದರಲ್ಲಿ ಅಭ್ಯರ್ಥಿಗಳು, ಪಕ್ಷಗಳು, ಮತದಾರರು, ಸರ್ಕಾರ ಎಲ್ಲರ ಪಾಲೂ ಇದೆ.

ಕೆಳಗಿನಿಂದ ಮೇಲೆ ಬರುವ ದಾರಿ ಕರ್ನಾಟಕಕ್ಕೆ ಹೊಸದಲ್ಲ. ಎಚ್.ಡಿ. ದೇವೇಗೌಡರು 1962ರಲ್ಲಿ ಪಕ್ಷೇತರರಾಗಿ ಗೆದ್ದು ಶಾಸಕರಾಗುವ ಮೊದಲು ಹೊಳೆನರಸೀಪುರದ ತಾಲೂಕು ಅಭಿವೃದ್ಧಿ ಮಂಡಳಿಯ ಸದಸ್ಯರಾಗಿದ್ದರು. ಸಿದ್ದರಾಮಯ್ಯ ಮೈಸೂರು ತಾಲೂಕು ಅಭಿವೃದ್ಧಿ ಮಂಡಳಿಯಿಂದ ಬಂದವರು. ಬಿ.ಎಸ್. ಯಡಿಯೂರಪ್ಪ ಶಿಕಾರಿಪುರ ಪುರಸಭೆಯ ಸದಸ್ಯರಾಗಿ, ಅಧ್ಯಕ್ಷರಾಗಿ, ಆಮೇಲೆ 1983ರಲ್ಲಿ ವಿಧಾನಸಭೆಗೆ ಬಂದರು. ಅದೇ 1983ರಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರದ ಅಬ್ದುಲ್ ನಜೀರ್ ಸಾಬ್ ಜಿಲ್ಲಾ ಪರಿಷತ್ತಿನ ಕಾನೂನು ರೂಪಿಸಿದಾಗ ದೇಶವೇ ನಮ್ಮತ್ತ ನೋಡಿತು. 1987ರ ಆರಂಭದಲ್ಲಿ ಆ ಕಾನೂನಿನಡಿ ಚುನಾವಣೆ ನಡೆದು ಸಾವಿರಾರು ಹೊಸ ಮುಖಗಳು ಅಧಿಕಾರ ನಡೆಸುವುದನ್ನು ಕಲಿತವು. ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು ಬಂದದ್ದು ಅದಾದ ಐದಾರು ವರ್ಷಗಳ ಮೇಲೆ.

ಸ್ಥಳೀಯ ಸಂಸ್ಥೆಯಲ್ಲಿ ಕುಳಿತವರಿಗೆ ಏನು ತಿಳಿಯುತ್ತದೆ ಎಂಬುದಕ್ಕೆ ಕಾರವಾರದ ಕುಡಿಯುವ ನೀರಿಗಿಂತ ಒಳ್ಳೆಯ ಉದಾಹರಣೆ ಬೇಡ. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ಬಳಿ ಗಂಗಾವಳಿಯಿಂದ ಎತ್ತಿದ ನೀರು ಅಂಕೋಲಾ ಪಟ್ಟಣಕ್ಕೂ ಕಾರವಾರಕ್ಕೂ ಹೋಗುತ್ತದೆ. ಕಾರವಾರದ ನೌಕಾನೆಲೆಗೂ ಅದೇ ಹೊಳೆಯ ನೀರು ಬೇಕು. ಬೇಸಿಗೆಯಲ್ಲಿ ಹೊಳೆಯ ಹರಿವು ಕುಗ್ಗಿದಾಗ ಕಾರವಾರದ ಕೋಡಿಬಾಗದಲ್ಲೋ ಬೈತಖೋಲದಲ್ಲೋ ನಲ್ಲಿ ಒಣಗುತ್ತದೆ. ಜನ ಬಂದು ನಿಲ್ಲುವುದು ವಾರ್ಡ್ ಸದಸ್ಯರ ಬಾಗಿಲಲ್ಲಿ. ಆದರೆ ಹೊಳೆ ಇರುವುದು ಬೇರೆ ತಾಲೂಕಿನಲ್ಲಿ, ಯೋಜನೆ ರೂಪಿಸುವುದು ರಾಜ್ಯದ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಹಣ ಮಂಜೂರಾಗುವುದು ಬೆಂಗಳೂರಿನಲ್ಲಿ. ಇಂಥ ಪ್ರಶ್ನೆಯೊಂದಿಗೆ ನಾಲ್ಕು ಬೇಸಿಗೆ ಕಳೆದ ಸದಸ್ಯರಿಗೆ ಯಾವ ಕಡತ ಯಾವ ಮೇಜಿನ ಮೇಲೆ ನಿಲ್ಲುತ್ತದೆ, ನಗರಸಭೆಯ ಠರಾವಿಗೆ ಎಲ್ಲಿಯವರೆಗೆ ಬಲ, ಎಲ್ಲಿಂದಾಚೆ ಅದು ಬರೀ ಮನವಿ ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಒಳಚರಂಡಿ, ಕಸ ವಿಲೇವಾರಿ, ಮೀನು ಮಾರುಕಟ್ಟೆ, ಮನೆ ತೆರಿಗೆ ಎಲ್ಲದರಲ್ಲೂ ಇದೇ ಕಲಿಕೆ. ಇಷ್ಟು ತಿಳಿದವರು ವಿಧಾನಸಭೆಗೆ ಹೋದರೆ ಅಲ್ಲಿ ಕೇಳುವ ಪ್ರಶ್ನೆಗೆ ಹರಿತವಿರುತ್ತದೆ. ಸದಸ್ಯರು ಶಾಸಕ ಸ್ಥಾನಕ್ಕೆ ನಿಲ್ಲುವುದನ್ನು ನಾನು ಒಪ್ಪುವುದು, ಬಯಸುವುದು ಈ ಕಾರಣಕ್ಕೆ.

ಮಹಿಳೆಯರ ಮಟ್ಟಿಗೆ ಈ ದಾರಿಯ ಮಹತ್ವ ಇನ್ನೂ ಹೆಚ್ಚು. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಅವರಿಗೆ ಮೀಸಲು. ಆದರೆ 2023ರಲ್ಲಿ 224 ಮಂದಿಯ ವಿಧಾನಸಭೆಗೆ ಗೆದ್ದು ಬಂದ ಮಹಿಳೆಯರು ಹತ್ತೇ ಮಂದಿ. ಕೆಳಗೆ ಇಷ್ಟು ದೊಡ್ಡ ಪಡೆ ತಯಾರಾಗುತ್ತಿರುವಾಗ ಮೇಲಿನ ಬಾಗಿಲು ಇಷ್ಟು ಕಿರಿದಾಗಿದ್ದರೆ ದೋಷ ಆ ಪಡೆಯದಲ್ಲ. ಕಾರವಾರದಲ್ಲಿ ಮಹಿಳೆಯರು ಗೆದ್ದ ಇತಿಹಾಸವಿದೆ. 2018ರಲ್ಲಿ ರೂಪಾಲಿ ನಾಯ್ಕ 14 ಸಾವಿರ ಮತಗಳ ಅಂತರದಿಂದ ಗೆದ್ದಿದ್ದರು. ಮೂರು ಪಕ್ಷಗಳ ಪೈಕಿ ಎರಡು 2023ರಲ್ಲಿ ಮಹಿಳೆಯರನ್ನೇ ನಿಲ್ಲಿಸಿದ್ದು ಈ ಕ್ಷೇತ್ರದ ಹೆಗ್ಗಳಿಕೆ.

ಹಾಗಾದರೆ ಪದ್ಧತಿ ಎಲ್ಲಿ ಸೋಲುತ್ತದೆ?

ಮೊದಲು ಪ್ರಚಾರದಲ್ಲಿ. ಸ್ಥಳೀಯ ಸಂಸ್ಥೆಯಿಂದ ಬಂದ ಅಭ್ಯರ್ಥಿಗಳು ಸಾಮಾನ್ಯವಾಗಿ ತಮ್ಮ ಕರಪತ್ರದಲ್ಲಿ 'ಮಾಜಿ ಸದಸ್ಯರು' ಎಂದು ಒಂದು ಸಾಲು ಹಾಕುತ್ತಾರೆ, ಅಲ್ಲಿಗೆ ಮುಗಿಯಿತು. ಎಷ್ಟು ಸಾಮಾನ್ಯ ಸಭೆಗಳಿಗೆ ಹಾಜರಾದೆ, ಯಾವ ಠರಾವು ಮಂಡಿಸಿದೆ, ಯಾವ ಟೆಂಡರನ್ನು ಏಕೆ ವಿರೋಧಿಸಿದೆ, ನನ್ನ ವಾರ್ಡಿಗೆ ಬಂದ ಅನುದಾನ ಎಲ್ಲಿ ಖರ್ಚಾಯಿತು ಎಂದು ಬರೆದ ಕರಪತ್ರವನ್ನು ನಾನಂತೂ ಕಂಡಿಲ್ಲ. ಅದರ ಬದಲು ಜಾತಿಯ ಲೆಕ್ಕ, ದೇವಸ್ಥಾನಕ್ಕೆ ಕೊಟ್ಟ ದೇಣಿಗೆ, ಕ್ರಿಕೆಟ್ ಪಂದ್ಯಾವಳಿಗೆ ಕೊಟ್ಟ ಟ್ರೋಫಿ ಮುಂದೆ ಬರುತ್ತವೆ. ತಮ್ಮಲ್ಲಿರುವ ಏಕೈಕ ಅಪರೂಪದ ಬಂಡವಾಳವನ್ನು ಮನೆಯಲ್ಲೇ ಬಿಟ್ಟು, ದುಡ್ಡಿದ್ದವರ ಆಟವನ್ನು ದುಡ್ಡಿಲ್ಲದೆ ಆಡಲು ಹೊರಡುತ್ತಾರೆ. ಸೋಲು ಅಲ್ಲೇ ಅರ್ಧ ನಿಶ್ಚಯವಾಗುತ್ತದೆ. ಒಬ್ಬ ಅಭ್ಯರ್ಥಿಗೆ ಕಾನೂನು ಒಪ್ಪುವ ವೆಚ್ಚವೇ 40 ಲಕ್ಷ ರೂಪಾಯಿ. ಪಂಚಾಯಿತಿ ಸದಸ್ಯರ ಗೌರವಧನದಿಂದ ಬಂದವರು ಆ ದಾರಿಯಲ್ಲಿ ಎಷ್ಟು ದೂರ ಓಡಿಯಾರು?

ಎರಡನೆಯದು ಪಕ್ಷಗಳ ನಡತೆ. ಈ ಕ್ಷೇತ್ರದಲ್ಲಿ ಮತ ಪಕ್ಷಕ್ಕಿಂತ ವ್ಯಕ್ತಿಯ ಹಿಂದೆ ಹೋಗುತ್ತದೆ. ಆನಂದ ಅಸ್ನೋಟಿಕರ್ 2008ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದು, ರಾಜೀನಾಮೆ ಕೊಟ್ಟು, ಅದೇ ವರ್ಷದ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದರು. 2018ರಲ್ಲಿ ಜೆಡಿಎಸ್‌ನಿಂದ ನಿಂತರು. ಸತೀಶ ಸೈಲ್ 2013ರಲ್ಲಿ ಪಕ್ಷೇತರರಾಗಿ 35 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದು ಆಮೇಲೆ ಕಾಂಗ್ರೆಸ್ಸಿನ ಅಭ್ಯರ್ಥಿಯಾದರು. ಇಂಥ ಕ್ಷೇತ್ರದಲ್ಲಿ ಟಿಕೆಟ್ ಹಂಚುವವರು ನೋಡುವುದು ಯಾರ ಬಳಿ ಆಗಲೇ ಮತದ ಗಂಟು ಇದೆ ಎಂಬುದನ್ನು. ಸದಸ್ಯರಾಗಿ ದುಡಿದವರಿಗೆ ಟಿಕೆಟ್ ಸಿಗುವುದು ಗಟ್ಟಿ ಕುಳಗಳು ಬಿಟ್ಟುಹೋದ ಪಕ್ಷದಲ್ಲಿ, ಗೆಲ್ಲುವ ಆಸೆ ಕಡಿಮೆ ಇರುವ ಹೊತ್ತಿನಲ್ಲಿ.

ಮೂರನೆಯದು ಎಲ್ಲಕ್ಕಿಂತ ಗಂಭೀರ. ಸ್ಥಳೀಯ ಸಂಸ್ಥೆಗಳನ್ನೇ ಟೊಳ್ಳು ಮಾಡಲಾಗಿದೆ. ಕಾರವಾರ ನಗರಸಭೆಗೂ ಅಂಕೋಲಾ ಪುರಸಭೆಗೂ 2018ರಲ್ಲಿ ಚುನಾವಣೆ ನಡೆಯಿತು. ಅಧ್ಯಕ್ಷ ಸ್ಥಾನದ ಮೀಸಲಾತಿ ವ್ಯಾಜ್ಯದಿಂದ ರಾಜ್ಯದುದ್ದಕ್ಕೂ ಎರಡು ವರ್ಷ ಅಧ್ಯಕ್ಷರೇ ಇಲ್ಲದೆ ಕಳೆದವು. ಗೆದ್ದವರು ಮಾತನಾಡಲು ಸಭೆಯಿಲ್ಲದೆ 2020ರ ಕೊನೆಯವರೆಗೆ ಕಾದರು. ಮೊದಲ ಅವಧಿಯ ಅಧ್ಯಕ್ಷಗಿರಿ ಮುಗಿದ ಮೇಲೆ ಮತ್ತೆ 2024ರವರೆಗೆ ಅದೇ ಕಾಯುವಿಕೆ. ಜಿಲ್ಲಾ, ತಾಲೂಕು ಪಂಚಾಯಿತಿಗಳ ಕಥೆ ಇನ್ನೂ ಕೆಟ್ಟದು. 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಎಂದು ವರ್ಷಗಟ್ಟಲೆ ಚುನಾವಣೆ ಮುಂದೆ ಹೋಗಿ ಆಡಳಿತಾಧಿಕಾರಿಗಳ ಕೈಗೆ ಅಧಿಕಾರ ಹೋಯಿತು. 2021ರ ಡಿಸೆಂಬರಿನಲ್ಲಿ ಗಣಪತಿ ಉಳ್ವೇಕರ್ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಆಯ್ಕೆಯಾದಾಗ ಮತ ಹಾಕಲು ಜಿಲ್ಲಾ, ತಾಲೂಕು ಪಂಚಾಯಿತಿ ಸದಸ್ಯರೇ ಇರಲಿಲ್ಲ. ಏಣಿಯ ನಡುವಿನ ಮೆಟ್ಟಿಲುಗಳನ್ನೇ ಕಿತ್ತಿಟ್ಟು, ಕೆಳಗಿನವರು ಮೇಲೆ ಬರುತ್ತಿಲ್ಲವೆಂದರೆ ಹೇಗೆ?

ಇದರ ಲಾಭ ಶಾಸಕರಿಗೆ. ನಗರಸಭೆಯಲ್ಲಿ ಶಾಸಕರಿಗೂ ಸಂಸದರಿಗೂ ಸ್ಥಾನವಿದೆ, ಅಧ್ಯಕ್ಷರ ಆಯ್ಕೆಯಲ್ಲಿ ಅವರ ಮತವೂ ಎಣಿಕೆಯಾಗುತ್ತದೆ. ಕೆಳಗಿನ ಸಂಸ್ಥೆ ಬರಿದಾದಷ್ಟೂ ಗಟಾರದ ಕಲ್ಲು, ಬೀದಿದೀಪ, ಕಾಲುಸಂಕ ಎಲ್ಲವೂ ಶಾಸಕರ ಕೃಪೆಯಾಗುತ್ತವೆ. ಮತದಾರರೂ ಅದಕ್ಕೆ ಒಗ್ಗಿಹೋಗಿದ್ದಾರೆ: ವಾರ್ಡಿನ ಕೆಲಸವನ್ನು ಶಾಸಕರಲ್ಲಿ ಕೇಳುತ್ತಾರೆ, ಶಾಸಕರ ಕೆಲಸವನ್ನು ಯಾರಲ್ಲೂ ಕೇಳುವುದಿಲ್ಲ.

ಶಾಸಕರ ಕೆಲಸ ಎಂದರೆ ಏನೆಂದು ಈ ಕರಾವಳಿಗೆ ಯಾರೂ ಪಾಠ ಹೇಳಬೇಕಿಲ್ಲ. ಕಾರವಾರ ವಾಣಿಜ್ಯ ಬಂದರಿನ ಎರಡನೇ ಹಂತದ ವಿಸ್ತರಣೆಯ ವಿರುದ್ಧ 2020ರ ಜನವರಿಯಲ್ಲಿ ಮೀನುಗಾರರು ಬೀದಿಗಿಳಿದರು. ಅಂಕೋಲಾದ ಕೇಣಿಯಲ್ಲಿ ಖಾಸಗಿ ಬಂದರಿನ ವಿರುದ್ಧ 2025ರಲ್ಲಿ ಕಡಲತೀರದಲ್ಲೇ ಪ್ರತಿಭಟನೆ ನಡೆಯಿತು. ಈ ಎರಡೂ ಬಂದರುಗಳು ರಾಜ್ಯ ಸರ್ಕಾರದ ಅಧಿಕಾರದೊಳಗೆ ಬರುತ್ತವೆ. ಆದ್ದರಿಂದ ಅವುಗಳ ಪ್ರಶ್ನೆ ಎತ್ತಬೇಕಾದ ಜಾಗ ವಿಧಾನಸಭೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರ ಮೇಲೆ ಬಿತ್ತು, ಗಂಗಾವಳಿಯ ನೀರು ಉಕ್ಕಿ ಆಚೆ ದಡದ ಉಳುವರೆಯ ಮನೆಗಳನ್ನು ಕೊಚ್ಚಿತು. ಮೂರು ವಾರದ ಮೇಲೆ, ಆಗಸ್ಟ್ 7ರ ನಡುರಾತ್ರಿಯ ಹೊತ್ತಿಗೆ, ಕೋಡಿಬಾಗ-ಸದಾಶಿವಗಡದ ನಡುವೆ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಗುಡ್ಡ ಕಡಿದ ಬಗೆ, ಸೇತುವೆಯ ತಪಾಸಣೆ, ಗುತ್ತಿಗೆದಾರರ ಹೊಣೆ: ಇವೆಲ್ಲ ಗ್ರಾಮ ಪಂಚಾಯಿತಿಯ ಕೈಗೆ ಸಿಗದ ವಿಷಯಗಳು. ಆದರೆ ಅಪಾಯವನ್ನು ಮೊದಲು ಕಾಣುವವರು ಅಲ್ಲಿಯ ಸದಸ್ಯರೇ. ನೆಲದ ತಿಳಿವಳಿಕೆ ಮತ್ತು ಶಾಸನದ ಅಧಿಕಾರ ಒಬ್ಬರಲ್ಲೇ ಕೂಡಿದರೆ ಏನಾಗಬಹುದೆಂದು ಯೋಚಿಸಿ. ಸ್ಥಳೀಯ ಸದಸ್ಯರ ಉಮೇದುವಾರಿಕೆ ಕೊಡುವ ದೊಡ್ಡ ಭರವಸೆ ಇದೇ. ಅದನ್ನು ಬಾಯಿಬಿಟ್ಟು ಹೇಳುವ ಅಭ್ಯರ್ಥಿಗಳು ವಿರಳ ಎಂಬುದು ನನ್ನ ಮುಖ್ಯ ತಕರಾರು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸದಸ್ಯರಾಗಿದ್ದರೆಂದ ಮಾತ್ರಕ್ಕೆ ಯಾರೂ ಯೋಗ್ಯರಾಗುವುದಿಲ್ಲ. ಸಭೆಗೆ ಬಂದು ಸಹಿ ಹಾಕಿ ಎದ್ದುಹೋದವರು, ಗುತ್ತಿಗೆಯ ಪಾಲಿಗಾಗಿ ಸುಮ್ಮನಿದ್ದವರು ಎಲ್ಲ ಊರಿನಲ್ಲೂ ಇದ್ದಾರೆ. ಅಂಥವರು ಮೇಲೆ ಹೋದರೆ ಅದೇ ಚಾಳಿ ದೊಡ್ಡ ಮೊತ್ತಕ್ಕೆ ಮುಂದುವರಿಯುತ್ತದೆ. ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ತಿಳಿಯಲು ದಾಖಲೆ ಬೇಕು, ದಾಖಲೆ ಇದೆ. ಪ್ರತಿ ಸಾಮಾನ್ಯ ಸಭೆಗೂ ನಡಾವಳಿ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಯಾರು ಬೇಕಾದರೂ ಕೇಳಿ ಪಡೆಯಬಹುದು. ಅಭ್ಯರ್ಥಿಗಳು ಸಲ್ಲಿಸುವ ಪ್ರಮಾಣಪತ್ರದಲ್ಲಿ ಆಸ್ತಿ, ಸಾಲ, ಪ್ರಕರಣ, ವಿದ್ಯಾಭ್ಯಾಸ ಎಲ್ಲಕ್ಕೂ ಕಾಲಂ ಇದೆ. ಹಿಂದಿನ ಸಾರ್ವಜನಿಕ ಹುದ್ದೆಯಲ್ಲಿ ಎಷ್ಟು ಸಭೆಗೆ ಹಾಜರಿದ್ದಿರಿ, ಏನು ಮಾಡಿದಿರಿ ಎಂಬ ಕಾಲಂ ಮಾತ್ರ ಇಲ್ಲ. ಚುನಾವಣಾ ಆಯೋಗ ಅದನ್ನು ಸೇರಿಸುವವರೆಗೆ ಕಾಯಬೇಕಿಲ್ಲ. ಸ್ಥಳೀಯ ಪತ್ರಿಕೆಗಳು ಪ್ರಕಟಿಸಬಹುದು, ಮೀನುಗಾರರ ಸಂಘಗಳು, ಮಹಿಳಾ ಸ್ವಸಹಾಯ ಸಂಘಗಳು ಕೇಳಬಹುದು, ಅಭ್ಯರ್ಥಿಗಳು ತಾವಾಗಿಯೇ ಮುಂದಿಡಬಹುದು.

ಆದ್ದರಿಂದ ನನ್ನ ತೀರ್ಮಾನ ಇದು. ಪದ್ಧತಿ ಒಳ್ಳೆಯದು, ನಾವದನ್ನು ನಡೆಸುತ್ತಿರುವ ರೀತಿ ಕಳಪೆ. ಮುಂದಿನ ಸಲ ಕಾರವಾರದ ನಗರಸಭೆಯಿಂದಲೋ ಅವರ್ಸಾ, ಬೇಲೆಕೇರಿ ಕಡೆಯ ಪಂಚಾಯಿತಿಯಿಂದಲೋ ಯಾರಾದರೂ ಶಾಸಕ ಸ್ಥಾನಕ್ಕೆ ನಿಂತರೆ ಮೂರು ಪ್ರಶ್ನೆ ಕೇಳೋಣ. ನಿಮ್ಮ ಸಭೆಯ ನಡಾವಳಿಯಲ್ಲಿ ನಿಮ್ಮ ಹೆಸರು ಎಲ್ಲೆಲ್ಲಿದೆ? ನಿಮ್ಮ ಸಂಸ್ಥೆಗೆ ಸಿಗಬೇಕಿದ್ದು ಸಿಗದ ಯಾವ ಅಧಿಕಾರವನ್ನು ವಿಧಾನಸಭೆಯಲ್ಲಿ ಕೇಳುತ್ತೀರಿ? ಗೆದ್ದ ಮೇಲೆ ಜಿಲ್ಲಾ, ತಾಲೂಕು ಪಂಚಾಯಿತಿಗೆ ಹೊತ್ತಿಗೆ ಸರಿಯಾಗಿ ಚುನಾವಣೆ ನಡೆಯುವಂತೆ ನಿಮ್ಮ ಪಕ್ಷದೊಳಗೇ ಜಗಳ ಆಡುತ್ತೀರಾ? ಮೂರಕ್ಕೂ ನೆಟ್ಟಗೆ ಉತ್ತರ ಕೊಡುವವರಿಗೆ ಜಾತಿ ಯಾವುದು, ಪಕ್ಷ ಯಾವುದು, ಕೊಂಕಣಿಯವರೋ ಕನ್ನಡದವರೋ ಎಂದು ನೋಡದೆ ಮತ ಹಾಕಬೇಕು. ಎರಡು ಸಾವಿರ ಮತಗಳಲ್ಲಿ ಫಲಿತಾಂಶ ತಿರುಗುವ ಕ್ಷೇತ್ರದಲ್ಲಿ ಇಂಥ ಮತದಾರರು ಎರಡು ಸಾವಿರ ಮಂದಿ ಇದ್ದರೂ ಪಕ್ಷಗಳು ಟಿಕೆಟ್ ಕೊಡುವ ರೀತಿ ಬದಲಾಗಲೇಬೇಕಾಗುತ್ತದೆ.